ಎಂಸಿಬಿ ಲಿವರನ್ನು ಒತ್ತಿ ಹಿಡಿದರೂ ಅದು ಬೀಳುವುದೇಕೆ?

ಪ್ರಶ್ನೆ: ನಮ್ಮ ಮನೆಯ ವೈರಿಂಗ್ ಹಳೆಯದು. ಬೆಳಿಗ್ಗೆ ಗೀಸರ್ ಹಾಕಿ, ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆಯನ್ನೂ ಹಚ್ಚಿದರೆ ಸ್ವಲ್ಪ ಹೊತ್ತಿಗೆ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಬೀಳುತ್ತದೆ. ಕೆಲವು ದಿನ ಬೀಳುವುದೇ ಇಲ್ಲ. ಬಿದ್ದ ತಕ್ಷಣ ಮೇಲೆತ್ತಿದರೆ ನಿಲ್ಲುವುದಿಲ್ಲ, ಬೆರಳಿನಿಂದ ಒತ್ತಿ ಹಿಡಿದರೂ ಕರೆಂಟ್ ಬರುವುದಿಲ್ಲ. ಎಂಸಿಬಿ ಕೆಟ್ಟಿದೆಯೇ? ಅದರ ಬದಲು 32 ಆಂಪಿಯರಿನದನ್ನು ಹಾಕಿಸಬಹುದೇ?
(ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಎಂಸಿಬಿ ಕೆಟ್ಟಿಲ್ಲ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. 3 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 2 ಕಿಲೋವ್ಯಾಟಿನ ಇಂಡಕ್ಷನ್ ಒಲೆ ಅದಕ್ಕೆ ಇನ್ನೂ 8.7 ಆಂಪಿಯರ್ ಸೇರಿಸುತ್ತದೆ. ಎರಡೂ ಕೂಡಿದರೆ ಹೆಚ್ಚುಕಡಿಮೆ 21.7 ಆಂಪಿಯರ್. ಮನೆಬಳಕೆಯ ಎಂಸಿಬಿಗಳಿಗೆ ಇರುವ ಮಾನದಂಡದ ಪ್ರಕಾರ, ನಮೂದಿಸಿದ ಆಂಪಿಯರಿನ 1.13 ಪಟ್ಟು ಹರಿದರೆ ಒಂದು ಗಂಟೆಯವರೆಗೂ ಅದು ಬೀಳಕೂಡದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 16 ಆಂಪಿಯರಿನದಕ್ಕೆ ಈ ಮಿತಿಗಳು ಸುಮಾರು 18 ಮತ್ತು 23 ಆಂಪಿಯರ್ ಆಗುತ್ತವೆ. ನಿಮ್ಮ ಲೋಡ್ ಈ ಎರಡರ ನಡುವೆ ಬಿದ್ದಿರುವುದರಿಂದಲೇ ಒಂದು ದಿನ ಬೀಳುತ್ತದೆ, ಇನ್ನೊಂದು ದಿನ ನಿಲ್ಲುತ್ತದೆ.

ಈ ಹೊತ್ತುಗಳೆಯುವಿಕೆಗೆ ಕಾರಣ ಒಳಗಿರುವ ದ್ವಿಲೋಹದ ಪಟ್ಟಿ. ಕಾಯಿಸಿದರೆ ಹೆಚ್ಚು ಹಿಗ್ಗುವ ಒಂದು ಮಿಶ್ರಲೋಹವನ್ನೂ, ಬಹುತೇಕ ಹಿಗ್ಗದ ನಿಕ್ಕಲ್-ಕಬ್ಬಿಣದ ಮಿಶ್ರಲೋಹವನ್ನೂ ಬೆನ್ನಿಗೆ ಬೆನ್ನು ಬೆಸೆದು ಮಾಡಿದ ಈ ಪಟ್ಟಿಯ ಮೂಲಕವೇ ಮನೆಯ ಕರೆಂಟ್ ಹಾದುಹೋಗುತ್ತದೆ. ಕರೆಂಟ್ ಹೆಚ್ಚಾದಂತೆ ಪಟ್ಟಿ ಕಾಯುತ್ತದೆ, ಕಡಿಮೆ ಹಿಗ್ಗುವ ಬದಿಗೆ ಬಾಗುತ್ತದೆ, ಬಾಗಿದ ತುದಿ ಟ್ರಿಪ್ ಸನ್ನೆಯನ್ನು ತಳ್ಳುತ್ತದೆ. ಗೋಡೆಯೊಳಗಿನ ತಂತಿಯೂ ಹೆಚ್ಚಿನ ಲೋಡಿಗೆ ಹೀಗೆಯೇ ನಿಧಾನವಾಗಿ ಕಾಯುತ್ತದೆ. ಆದುದರಿಂದ ತಂತಿಯ ಹೊದಿಕೆ ಬೇಯುವ ಮುನ್ನವೇ ಪಟ್ಟಿ ಬಾಗುವಂತೆ ಕಾರ್ಖಾನೆಯಲ್ಲಿ ಒಂದು ಸಣ್ಣ ಸ್ಕ್ರೂ ತಿರುಗಿಸಿ ಹೊಂದಿಸಿ, ಮುದ್ರೆ ಹಾಕಿರುತ್ತಾರೆ. ಬಿದ್ದ ತಕ್ಷಣ ಎತ್ತಿದರೆ ನಿಲ್ಲದಿರುವುದಕ್ಕೂ ಇದೇ ಕಾರಣ: ಪಟ್ಟಿ ಇನ್ನೂ ಆರಿಲ್ಲ, ಬಾಗಿಯೇ ಇದೆ. ಒಂದೆರಡು ನಿಮಿಷ ಬಿಟ್ಟು ಎತ್ತಿದರೆ ನಿಲ್ಲುತ್ತದೆ. ಈ ಹೊಂದಾಣಿಕೆಯನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಮಾಡಿರುವುದರಿಂದ, ಏಪ್ರಿಲ್ ಮಧ್ಯಾಹ್ನ ಬಿಸಿಲು ಬೀಳುವ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಅದೇ ಎಂಸಿಬಿ ಸ್ವಲ್ಪ ಬೇಗನೆ ಬೀಳುವುದೂ ಸಹಜ. ಟರ್ಮಿನಲ್ ಸ್ಕ್ರೂ ಸಡಿಲವಾಗಿದ್ದರೂ ಅಲ್ಲಿ ಹುಟ್ಟುವ ಶಾಖ ಪಟ್ಟಿಯನ್ನು ಮುಟ್ಟುತ್ತದೆ. ಇದನ್ನೊಮ್ಮೆ ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ.

ಇನ್ನು ಬೆರಳಿನಿಂದ ಹಿಡಿದರೂ ಕರೆಂಟ್ ಬಾರದಿರುವ ವಿಷಯ. ಈ ಯಂತ್ರದಲ್ಲಿ ನಾನು ಅತ್ಯಂತ ಮೆಚ್ಚುವ ಭಾಗ ಇದೇ. ನಾವು ಮೇಲೆತ್ತುವ ಲಿವರ್ ಒಳಗಿನ ಚಲಿಸುವ ಕಾಂಟ್ಯಾಕ್ಟಿಗೆ ನೇರವಾಗಿ ಜೋಡಣೆಯಾಗಿಲ್ಲ. ನಡುವೆ ಒಂದು ಬಾಗಿದ ಕಂಬಿ ಇದೆ, ಅದರ ಒಂದು ತುದಿ ಸಣ್ಣ ಕೊಕ್ಕೆಯೊಂದರ ಅಂಚಿನ ಮೇಲೆ ಕುಳಿತಿರುತ್ತದೆ. ಕೊಕ್ಕೆ ಸರಿಯಾಗಿ ನಿಂತಿರುವಾಗ ಮಾತ್ರ ಬೆರಳಿನ ಒತ್ತಡ ಕಂಬಿಯ ಮೂಲಕ ಕಾಂಟ್ಯಾಕ್ಟ್ ತೋಳಿಗೆ ತಲುಪಿ, ಸ್ಪ್ರಿಂಗನ್ನು ಬಿಗಿಗೊಳಿಸಿ, ಎರಡು ಕಾಂಟ್ಯಾಕ್ಟುಗಳನ್ನು ಕೂಡಿಸುತ್ತದೆ. ನೆಟ್ಟಗೆ ನಿಂತವರ ಮೊಣಕಾಲು ಇಡೀ ಮೈಭಾರವನ್ನು ಸಲೀಸಾಗಿ ಹೊತ್ತಿದ್ದರೂ ಹಿಂದಿನಿಂದ ಮೆಲ್ಲಗೆ ತಟ್ಟಿದರೆ ಮಡಚಿಕೊಳ್ಳುವಂತೆ, ಬಿಗಿದ ಸ್ಪ್ರಿಂಗಿನ ಪೂರ್ತಿ ಬಲವನ್ನು ತಡೆದಿರುವ ಈ ಜೋಡಣೆಯೂ ಟ್ರಿಪ್ ಸನ್ನೆ ತಳ್ಳಿ ಕೊಕ್ಕೆ ಕೂದಲೆಳೆಯಷ್ಟು ಸರಿದರೆ ಸಾಕು, ಕುಸಿದುಬಿಡುತ್ತದೆ. ಕುಸಿದ ಮೇಲೆ ಕಂಬಿಗೆ ಆಧಾರವಿಲ್ಲ, ಲಿವರಿಗೂ ಕಾಂಟ್ಯಾಕ್ಟಿಗೂ ಸಂಬಂಧವೇ ಉಳಿಯುವುದಿಲ್ಲ. ನೀವು ಲಿವರನ್ನು ಮೇಲೆಯೇ ಹಿಡಿದಿದ್ದರೂ ಸ್ಪ್ರಿಂಗ್ ಒಳಗಿನ ತೋಳನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ. ಮನುಷ್ಯನ ಅವಸರಕ್ಕಾಗಲಿ ಹಟಕ್ಕಾಗಲಿ ಇಲ್ಲಿ ಅವಕಾಶವಿಲ್ಲ. ಕೈಗೆ ಕೂಡಿಸುವ ಅಧಿಕಾರವುಂಟು, ಬಿಡಿಸುವುದನ್ನು ತಡೆಯುವ ಅಧಿಕಾರವಿಲ್ಲ.

32 ಆಂಪಿಯರಿನದನ್ನು ಹಾಕಿಸುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಎಂಸಿಬಿಯ ಆಂಪಿಯರ್ ನಿರ್ಧಾರವಾಗುವುದು ಗೋಡೆಯೊಳಗಿನ ತಂತಿಯ ದಪ್ಪದಿಂದ, ನಾವು ಎಷ್ಟು ಸಾಮಾನು ಹಚ್ಚಲು ಬಯಸುತ್ತೇವೆ ಎನ್ನುವುದರಿಂದಲ್ಲ. ಹಳೆಯ 2.5 ಚದರ ಮಿಲಿಮೀಟರಿನ ತಂತಿಯ ಮುಂದೆ 32 ಆಂಪಿಯರಿನ ಎಂಸಿಬಿ ಕೂರಿಸಿದರೆ ಅದು ಬೀಳುವ ಮೊದಲೇ ತಂತಿ ಬೇಯುತ್ತದೆ. ಇಂಡಕ್ಷನ್ ಒಲೆಗೆ ಎಂಸಿಬಿಗಳನ್ನು ಕೂರಿಸಿರುವ ಡಿಬಿ ಪೆಟ್ಟಿಗೆಯಿಂದ ಬೇರೆಯೇ ಲೈನ್ ಎಳೆಸಿ, ಅದಕ್ಕೆ ಪ್ರತ್ಯೇಕ ಎಂಸಿಬಿ ಹಾಕಿಸುವುದೇ ಸರಿಯಾದ ದಾರಿ.

ಪ್ರಶ್ನೆ: ಸುಟ್ಟುಹೋದ ಒಂದು ಎಂಸಿಬಿಯ ರಿವೆಟ್ ಕಿತ್ತು ಬಿಚ್ಚಿ ನೋಡಿದೆ. ಒಂದು ಮೂಲೆಯಲ್ಲಿ ದಪ್ಪ ತಾಮ್ರದ ಕಾಯಿಲ್, ಇನ್ನೊಂದು ಕಡೆ ಒತ್ತೊತ್ತಾಗಿ ನಿಲ್ಲಿಸಿದ ಕಬ್ಬಿಣದ ತೆಳು ತಗಡುಗಳು ಇದ್ದವು. ತಗಡುಗಳಿಗೆ ಯಾವ ತಂತಿಯ ಸಂಪರ್ಕವೂ ಇರಲಿಲ್ಲ. ಅವು ಏಕಿವೆ?
(ಐಟಿಐ ವಿದ್ಯಾರ್ಥಿ, ಮಂಡ್ಯ)

ಉತ್ತರ: ಬಿಚ್ಚಿ ನೋಡಿದ್ದು ಬಹಳ ಒಳ್ಳೆಯದಾಯಿತು. ಅದನ್ನು ಮತ್ತೆ ಜೋಡಿಸಿ ಬಳಸಬೇಡಿ, ಅಷ್ಟೆ. ಕಾಯಿಲ್ ಇರುವುದು ಷಾರ್ಟ್ ಸರ್ಕ್ಯೂಟಿಗಾಗಿ. ನೂರಾರು ಆಂಪಿಯರ್ ಹರಿದಾಗ ಪಟ್ಟಿ ಕಾಯುವಷ್ಟು ಹೊತ್ತು ಕಾಯಲಾಗದು. ಆಗ ಕಾಯಿಲಿನ ಕಾಂತಬಲ ಅದರೊಳಗಿನ ಕಬ್ಬಿಣದ ಸಣ್ಣ ಕೋಲನ್ನು ಎಳೆದು ಕೊಕ್ಕೆಯನ್ನು ಬಿಡಿಸುತ್ತದೆ. ಒಳ್ಳೆಯ ವಿನ್ಯಾಸಗಳಲ್ಲಿ ಅದೇ ಕೋಲಿನ ತುದಿ ಕಾಂಟ್ಯಾಕ್ಟ್ ತೋಳಿಗೂ ನೇರವಾಗಿ ಗುದ್ದುತ್ತದೆ. ಕೊಕ್ಕೆ, ಕಂಬಿ, ಸ್ಪ್ರಿಂಗ್ ಇವೆಲ್ಲ ತಮ್ಮ ಸರದಿ ಮುಗಿಸುವವರೆಗೆ ಕಾಯದೆ ಕಾಂಟ್ಯಾಕ್ಟ್ ಬೇರ್ಪಡಲಿ ಎಂಬುದು ಇದರ ಉದ್ದೇಶ.

ಆದರೆ ಕಾಂಟ್ಯಾಕ್ಟ್ ಬೇರೆಯಾದ ಮಾತ್ರಕ್ಕೆ ಕರೆಂಟ್ ನಿಲ್ಲುವುದಿಲ್ಲ. ಎರಡರ ನಡುವಿನ ಗಾಳಿಯೇ ಸಾವಿರಾರು ಡಿಗ್ರಿಗೆ ಕಾಯ್ದು ವಾಹಕವಾಗುತ್ತದೆ, ಅದರ ಮೂಲಕ ಕರೆಂಟ್ ಹರಿಯುತ್ತಲೇ ಇರುತ್ತದೆ. ಇದನ್ನೇ ಆರ್ಕ್ ಎನ್ನುತ್ತೇವೆ. ಈ ಆರ್ಕನ್ನು ಆರಿಸುವುದಕ್ಕಾಗಿಯೇ ಆ ತಗಡುಗಳು. ಕಾಂಟ್ಯಾಕ್ಟುಗಳಿಂದ ತಗಡುಗಳ ಕಡೆಗೆ ಅಗಲವಾಗುತ್ತ ಹೋಗುವ ಎರಡು ಲೋಹದ ಹಳಿಗಳನ್ನು ನೀವು ಗಮನಿಸಿರಬಹುದು. ಆರ್ಕಿನ ಸ್ವಂತ ಕಾಂತಕ್ಷೇತ್ರವೇ ಅದನ್ನು ಆ ಹಳಿಗಳ ಮೇಲೆ ಮುಂದಕ್ಕೆ ದೂಡುತ್ತದೆ, ಕಬ್ಬಿಣದ ತಗಡುಗಳು ಅದನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಒಳಹೊಕ್ಕ ಆರ್ಕ್ ತಗಡುಗಳ ಸಂದುಗಳಲ್ಲಿ ತುಂಡುತುಂಡಾಗುತ್ತದೆ. ಪ್ರತಿ ತುಂಡನ್ನೂ ಉರಿಸಿಡಲು ಸುಮಾರು 20ರಿಂದ 25 ವೋಲ್ಟ್ ಬೇಕು. ಹನ್ನೆರಡು ತಗಡುಗಳಿದ್ದು ಹದಿಮೂರು ತುಂಡುಗಳಾದರೆ ಒಟ್ಟು ಬೇಡಿಕೆ ಮುನ್ನೂರು ವೋಲ್ಟಿನ ಆಸುಪಾಸಿಗೆ ಬರುತ್ತದೆ. 230 ವೋಲ್ಟ್ ಎಂದು ನಾವು ಕರೆಯುವ ಸರಬರಾಜಿನ ಶಿಖರವೇ ಸುಮಾರು 325 ವೋಲ್ಟ್, ಅದೂ ಕ್ಷಣಮಾತ್ರ. ಹಾಗಾಗಿ ಆರ್ಕಿಗೆ ಬೇಕಾದಷ್ಟು ವೋಲ್ಟ್ ಸಿಗದೆ ಕರೆಂಟ್ ಕುಗ್ಗುತ್ತದೆ, 50 ಹರ್ಟ್ಸಿನಲ್ಲಿ 10 ಮಿಲಿಸೆಕೆಂಡಿಗೊಮ್ಮೆ ಬರುವ ಸೊನ್ನೆಯ ಘಟ್ಟದಲ್ಲಿ ಮತ್ತೆ ಹೊತ್ತಿಕೊಳ್ಳಲಾಗದೆ ಆರಿಹೋಗುತ್ತದೆ. ಎಂಸಿಬಿಯ ಮೈಮೇಲೆ ಚೌಕದೊಳಗೆ 6000 ಅಥವಾ 10000 ಎಂದು ಮುದ್ರಿಸಿರುವುದು, ಎಷ್ಟು ಆಂಪಿಯರಿನ ಷಾರ್ಟನ್ನು ಅದು ಹೀಗೆ ಕಡಿಯಬಲ್ಲದು ಎಂಬುದನ್ನು ಹೇಳುತ್ತದೆ. ನೀವು ಬಿಚ್ಚಿದ ಎಂಸಿಬಿಯ ತಗಡುಗಳ ಅಂಚು ಕರಗಿದ್ದು ಅಕ್ಕಪಕ್ಕ ಮಸಿ ಹಿಡಿದಿದ್ದರೆ, ಅದು ಒಮ್ಮೆಯಾದರೂ ದೊಡ್ಡ ಷಾರ್ಟನ್ನು ಎದುರಿಸಿದೆ ಎಂದು ತಿಳಿಯಬಹುದು.

ಶಾಖದ ಪಟ್ಟಿಯನ್ನೂ ಕಾಂತದ ಕಾಯಿಲನ್ನೂ ಒಂದೇ ಅಂಗೈಯಗಲದ ಸಾಧನದಲ್ಲಿ ಕೂಡಿಸಿ, ಫ್ಯೂಸಿನ ಜಾಗದಲ್ಲಿ ಕೂರಿಸುವಂತೆ ಮಾಡಿದ ಪೇಟೆಂಟ್ 1924ರದು, ಜರ್ಮನಿಯ ಮ್ಯಾನ್‌ಹೈಮಿನ ಹ್ಯೂಗೋ ಸ್ಟಾಟ್ಜ್ ಅವರ ಕಂಪನಿಯದು. ನಿಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ವಿದ್ಯುತ್ತು ನಮ್ಮಲ್ಲಿಗೆ ಎಷ್ಟು ಮುಂಚೆ ಬಂದಿತ್ತು ಎಂಬುದು ಮನಸ್ಸಿಗೆ ಬರುತ್ತದೆ.

ಪ್ರಶ್ನೆ: ನಮ್ಮ ಆಲೆಮನೆಯ ಗಾಣಕ್ಕೆ 10 ಎಚ್‌ಪಿ ತ್ರೀ ಫೇಸ್ ಮೋಟಾರ್ ಇದೆ. ಸ್ಟಾರ್ಟರ್ ಒತ್ತಿದ ಕೂಡಲೇ 16 ಆಂಪಿಯರಿನ ಎಂಸಿಬಿ ಕೆಲವೊಮ್ಮೆ ಬೀಳುತ್ತದೆ. ಓಡಲು ಶುರುವಾದ ಮೇಲೆ ದಿನವಿಡೀ ತೊಂದರೆಯಿಲ್ಲ. ಏನು ಮಾಡಬೇಕು?
(ಆಲೆಮನೆ ಮಾಲೀಕರು, ಪಾಂಡವಪುರ)

ಉತ್ತರ: ದಿನವಿಡೀ ಓಡುತ್ತದೆ ಎಂದ ಮೇಲೆ ಶಾಖದ ಪಟ್ಟಿಯ ತಕರಾರಿಲ್ಲ, ಕೂಡಲೇ ಬೀಳುವುದು ಕಾಯಿಲಿನ ಕೆಲಸ. 10 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 14 ಆಂಪಿಯರ್ ಎಳೆದರೂ, ನೇರವಾಗಿ ಚಾಲೂ ಮಾಡುವ ಡಿಒಎಲ್ ಸ್ಟಾರ್ಟರಿನಲ್ಲಿ ಮೊದಲ ಕೆಲವು ಕ್ಷಣ ಅದರ ಆರೇಳು ಪಟ್ಟು, ಅಂದರೆ 84ರಿಂದ 98 ಆಂಪಿಯರ್ ಎಳೆಯುತ್ತದೆ. ನಿಮ್ಮ ಎಂಸಿಬಿಯ ಮೇಲೆ 16ರ ಎಡಕ್ಕೆ ಯಾವ ಅಕ್ಷರವಿದೆ ಎಂದು ನೋಡಿ. 'ಬಿ' ಮಾದರಿಯ ಕಾಯಿಲ್ ನಮೂದಿಸಿದ ಆಂಪಿಯರಿನ 3ರಿಂದ 5 ಪಟ್ಟಿನ ನಡುವೆ, 'ಸಿ' 5ರಿಂದ 10 ಪಟ್ಟಿನ ನಡುವೆ, 'ಡಿ' 10ರಿಂದ 20 ಪಟ್ಟಿನ ನಡುವೆ ಎಳೆಯುತ್ತದೆ. 16 ಆಂಪಿಯರಿನ 'ಸಿ' ಆಗಿದ್ದರೆ 80 ಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ.

'ಡಿ' ಮಾದರಿ ಹಾಕಿದರೆ ಈ ಕಾಟ ತಪ್ಪುತ್ತದೆ. ಆದರೆ ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ಮಾತಿದೆ. 16 ಆಂಪಿಯರಿನ 'ಡಿ' ಎಂಸಿಬಿ ಷಾರ್ಟಿನಲ್ಲಿ ಖಚಿತವಾಗಿ ತಕ್ಷಣ ಬೀಳಬೇಕಾದರೆ 320 ಆಂಪಿಯರ್ ಹರಿಯಬೇಕು. ಒಂದು ಫೇಸಿಗೂ ಅರ್ಥಿಗೂ ಷಾರ್ಟ್ ಆದಾಗ ಅಷ್ಟು ಹರಿಯಲು ಟ್ರಾನ್ಸ್‌ಫಾರ್ಮರಿನಿಂದ ಹೋಗಿ ಬರುವ ದಾರಿಯ ಒಟ್ಟು ತಡೆ 0.72 ಓಮಿಗಿಂತ ಕಡಿಮೆ ಇರಬೇಕು. ಗದ್ದೆಗಳ ನಡುವೆ ದೂರದಿಂದ ಲೈನ್ ಎಳೆದಿರುವ ಆಲೆಮನೆಯಲ್ಲಿ ಅದು 2 ಓಮ್ ಇದ್ದರೆ ಹರಿಯುವುದು 115 ಆಂಪಿಯರ್ ಮಾತ್ರ. ಆಗ ಕಾಯಿಲ್ ಸುಮ್ಮನಿರುತ್ತದೆ, ಪಟ್ಟಿ ಕಾಯ್ದು ಬಿಡಿಸುವವರೆಗೆ ಕೆಲವು ಸೆಕೆಂಡು ಮೋಟಾರಿನ ಮೈಯೇ ಕರೆಂಟ್ ಹೊತ್ತಿರುತ್ತದೆ. ಕಬ್ಬಿನ ಹಾಲು ಚೆಲ್ಲಿ ನೆಲ ಸದಾ ಒದ್ದೆಯಾಗಿರುವ ಜಾಗದಲ್ಲಿ ಇದು ಪ್ರಾಣಾಪಾಯ. ಆದುದರಿಂದ ಪರವಾನಗಿಯುಳ್ಳ ಎಲೆಕ್ಟ್ರಿಕಲ್ ಕಂಟ್ರಾಕ್ಟರರಿಂದ ಈ ತಡೆಯನ್ನು ಅಳೆಸಿದ ಮೇಲೆಯೇ 'ಡಿ' ಹಾಕಿಸಿ, ಜೊತೆಗೆ ಅರ್ಥ್ ಸೋರಿಕೆಗೆ ಬೀಳುವ ಸಾಧನವನ್ನೂ ಇಡಿಸಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸುವುದು ಇನ್ನೊಂದು ದಾರಿ. ಅದರಲ್ಲಿ ಚಾಲೂ ಮಾಡುವಾಗ ಲೈನಿನಿಂದ ಎಳೆಯುವ ಕರೆಂಟ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಖರ್ಚು ಹೆಚ್ಚಾದರೂ ನಾನು ಇದನ್ನೇ ಹೇಳುತ್ತೇನೆ. ಯಾವುದನ್ನು ಹಾಕಿದರೂ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೇ ಹೊಂದಿಸಿರಬೇಕು. ಗಾಣಕ್ಕೆ ಕಬ್ಬು ಸಿಕ್ಕಿಕೊಂಡಾಗ ಮೋಟಾರನ್ನು ಕಾಯುವುದು ಆ ರಿಲೇ, ಎಂಸಿಬಿ ಅಲ್ಲ.

ಪ್ರಶ್ನೆ: ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಏಕೆ ಬೇಕು? ಅದರಲ್ಲಿರುವ ಟೆಸ್ಟ್ ಗುಂಡಿಯನ್ನು ಒತ್ತಲು ಭಯವಾಗುತ್ತದೆ.
(ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು)

ಉತ್ತರ: ಕರೆಂಟ್ ಹೊಡೆದಾಗ ಮನುಷ್ಯನ ಮೈಮೂಲಕ ಹರಿಯುವುದು ಒಂದು ಆಂಪಿಯರಿನ ಕಾಲುಭಾಗವೂ ಇರಲಾರದು. ಜೀವ ತೆಗೆಯಲು ಅಷ್ಟು ಸಾಕು, ಆದರೆ 16 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಕಬ್ಬಿಣದ ಬಳೆಯೊಳಗಿನಿಂದ ಹಾಯುತ್ತವೆ. ಹೋದಷ್ಟೂ ಹಿಂತಿರುಗಿದರೆ ಬಳೆಯಲ್ಲಿ ಕಾಂತತ್ವ ಹುಟ್ಟುವುದಿಲ್ಲ. 30 ಮಿಲಿಆಂಪಿಯರ್ ಬೇರೆ ದಾರಿಯಲ್ಲಿ ಸೋರಿದರೂ ಹುಟ್ಟುತ್ತದೆ. ಅದರಿಂದ ಬರುವ ಅತಿ ಸಣ್ಣ ಕರೆಂಟ್, ಕಾಯಂ ಕಾಂತವೊಂದು ಹಿಡಿದಿಟ್ಟಿರುವ ಪುಟ್ಟ ತಗಡಿನ ಹಿಡಿತವನ್ನು ಸಡಿಲಿಸುತ್ತದೆ, ಸ್ಪ್ರಿಂಗ್ ಅದನ್ನು ಚಿಮ್ಮಿಸುತ್ತದೆ. ಆ ತಗಡು ವರ್ಷಗಟ್ಟಲೆ ಅಲುಗಾಡದಿದ್ದರೆ ಅಂಟಿಕೊಳ್ಳುವ ಸಂಭವವಿರುವುದರಿಂದಲೇ ಟೆಸ್ಟ್ ಗುಂಡಿ ಇಟ್ಟಿದ್ದಾರೆ. ಅದನ್ನು ಒತ್ತಿದರೆ ಒಳಗಿನ ಒಂದು ರೆಸಿಸ್ಟರಿನ ಮೂಲಕ ಬಳೆಯನ್ನು ತಪ್ಪಿಸಿ ಸ್ವಲ್ಪ ಕರೆಂಟ್ ಹರಿಯುತ್ತದೆ. ನಿಮ್ಮ ಬೆರಳಿಗೆ ಏನೂ ತಗಲುವುದಿಲ್ಲ. ತಿಂಗಳಿಗೊಮ್ಮೆ, ಕರೆಂಟ್ ಇರುವಾಗ, ಕಂಪ್ಯೂಟರ್ ಮುಂತಾದವನ್ನು ಆರಿಸಿ ಒತ್ತಿ. ಬೀಳದಿದ್ದರೆ ಅಂದೇ ಬದಲಿಸಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಮಾತ್ರ ಈ ಗುಂಡಿ ಹೇಳುವುದಿಲ್ಲ, ಅದನ್ನು ಬೇರೆಯಾಗಿಯೇ ಅಳೆಸಬೇಕು.