ಒಂಬತ್ತರ ಗೆರೆ ಅಂದರೆ ಒಂಬತ್ತು ಮಾರ್ಕ್ಸ್ ಅಲ್ಲ

ತಂಗೀ, ಅಕ್ಕ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೀತೀನಿ. ನೀನು ಕೊಟ್ಟ ವಿವರ ಇಷ್ಟು: ದಾವಣಗೆರೆಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಹೆಣ್ಣು ಮಗು, ಒಂಬತ್ತು ತಿಂಗಳು ತುಂಬಿಯೇ ಹುಟ್ಟಿದ್ದು. ಹುಟ್ಟಿದಾಗ 3.1 ಕೆ.ಜಿ., 5ನೇ ದಿನ 2.84, 14ನೇ ದಿನ 3.05, ಈಗ ಏಳು ವಾರಕ್ಕೆ 4.1. ಬರೀ ಎದೆಹಾಲು. ಹೆಲ್ತ್ ವಿಸಿಟರ್ (ಎಳೆಮಕ್ಕಳನ್ನು ನೋಡಿಕೊಳ್ಳೋ ಇಲ್ಲಿನ ಸರ್ಕಾರಿ ನರ್ಸ್) ರೆಡ್ ಬುಕ್‌ನಲ್ಲಿ, ಅಂದರೆ ಮಗುವಿನ ಆರೋಗ್ಯದ ದಾಖಲೆ ಪುಸ್ತಕದಲ್ಲಿ, ಒಂಬತ್ತರ ಗೆರೆಗಿಂತ ತುಸು ಮೇಲೆ ಚುಕ್ಕಿ ಇಟ್ಟು, ಚೆನ್ನಾಗಿದೆ ಅಂದು ಹೋದರು. ಅತ್ತೆ ನಿಟುವಳ್ಳಿಯಿಂದ ವಿಡಿಯೋ ಕಾಲ್‌ನಲ್ಲಿ ನೋಡಿ, ಮಗು ಮೈಗೇ ಹತ್ತಿಲ್ಲ, ನಿನಗೆ ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಹಾಕು ಅಂತಿದ್ದಾರೆ. ಮುಂದಿನ ತಿಂಗಳು ಅವರೇ ಬಾಣಂತನಕ್ಕೆ ಬರ್ತಿದ್ದಾರೆ. ಯಾರ ಮಾತು ಕೇಳಲಿ ಅನ್ನೋದು ನಿನ್ನ ಪ್ರಶ್ನೆ.

ಮೊದಲು ಲೆಕ್ಕ ನೋಡೋಣ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಇಳಿಯೋದು ಸಹಜ. ನಿನ್ನ ಮಗು ಇಳಿದದ್ದು 260 ಗ್ರಾಂ, ಅಂದರೆ ನೂರಕ್ಕೆ ಎಂಟೂವರೆಗಿಂತ ಕಡಿಮೆ. ಇಲ್ಲಿನ ಮಿಡ್‌ವೈಫ್‌ಗಳು ನೂರಕ್ಕೆ ಹತ್ತು ದಾಟಿದರೆ ಎಚ್ಚರಗೊಳ್ಳುತ್ತಾರೆ, ಹಾಲು ಕುಡಿಸುವುದನ್ನು ಪಕ್ಕದಲ್ಲೇ ಕೂತು ನೋಡುತ್ತಾರೆ. ಹುಟ್ಟಿದ ತೂಕಕ್ಕೆ ಮರಳೋದು ಎರಡರಿಂದ ಮೂರು ವಾರದೊಳಗೆ ಆಗಬೇಕು. ನಿನ್ನದು 14ನೇ ದಿನಕ್ಕೆ 50 ಗ್ರಾಂ ಮಾತ್ರ ಹಿಂದಿತ್ತು. ಅಲ್ಲಿಂದ ಏಳು ವಾರದವರೆಗೆ 35 ದಿನ, ಏರಿದ್ದು 1,050 ಗ್ರಾಂ. ದಿನಕ್ಕೆ 30 ಗ್ರಾಂ, ವಾರಕ್ಕೆ 210. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು ಅನ್ನುವಾಗ ನಿನ್ನ ಮಗು ಮೇಲಿನ ತುದಿಯಲ್ಲೇ ಇದೆ. ಹಾಲು ಸಾಲದ ಮಗು ಹೀಗೆ ಏರೋದಿಲ್ಲ.

ಇನ್ನು ಆ ಒಂಬತ್ತು. ನಮ್ಮ ಕಡೆಯವರಿಗೆ ಇದು ನೂರಕ್ಕೆ ಒಂಬತ್ತು ಮಾರ್ಕ್ಸ್ ಬಿದ್ದ ಹಾಗೆ ಕೇಳಿಸುತ್ತೆ. ಅದು ಸೆಂಟೈಲ್, ಬರೀ ಸರದಿ. ಇದೇ ವಯಸ್ಸಿನ ನೂರು ಆರೋಗ್ಯವಂತ ಹೆಣ್ಣುಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಒಂಬತ್ತು ಮಕ್ಕಳು ನಿನ್ನ ಮಗುಗಿಂತ ಹಗುರ, ಉಳಿದವರು ಭಾರ. ಆ ಒಂಬತ್ತೂ ಆರೋಗ್ಯವಂತ ಮಕ್ಕಳೇ. ಇಲ್ಲಿನ ಚಾರ್ಟ್‌ನಲ್ಲಿ 0.4, 2, 9, 25, 50, 75, 91, 98, 99.6 ಅಂತ ಒಂಬತ್ತು ಗೆರೆಗಳಿವೆ. ಒಂದು ಗೆರೆಯಿಂದ ಪಕ್ಕದ ಗೆರೆವರೆಗಿನ ಜಾಗವನ್ನು ಒಂದು ಅಂತರ ಅಂತ ಎಣಿಸುತ್ತಾರೆ. ಹುಟ್ಟಿದಾಗ 9 ಮತ್ತು 91ರ ನಡುವೆ ಇದ್ದ ಮಗು ಎರಡು ಅಂತರ ಇಳಿದರೆ ವಿಚಾರಿಸಬೇಕು. 9ಕ್ಕಿಂತ ಕೆಳಗೆ ಹುಟ್ಟಿದ್ದರೆ ಒಂದೇ ಅಂತರ ಇಳಿದರೂ ಸಾಕು, 91ಕ್ಕಿಂತ ಮೇಲಿದ್ದರೆ ಮೂರು. ಹುಟ್ಟಿದ್ದು ಎಲ್ಲೇ ಆಗಿರಲಿ, ಈಗ 2ರ ಗೆರೆಗಿಂತ ಕೆಳಗೆ ಹೋದರೂ ನೋಡಲೇಬೇಕು. ನಿನ್ನ ಮಗು 25 ಮತ್ತು 50ರ ನಡುವೆ ಹುಟ್ಟಿ ಈಗ 9ರ ಮೇಲಿದೆ, ಅಂದರೆ ಹೆಚ್ಚುಕಡಿಮೆ ಒಂದು ಅಂತರ ಇಳಿದಿದೆ. ಹೆಲ್ತ್ ವಿಸಿಟರ್ ಸುಮ್ಮನೆ ಸಮಾಧಾನ ಹೇಳಿ ಹೋಗಿದ್ದಲ್ಲ. ಹಾಗಂತ ಚಾರ್ಟ್ ಮಡಚಿ ಇಡಬೇಡ, ಮುಂದಿನ ತಿಂಗಳ ಚುಕ್ಕಿ ಎಲ್ಲಿ ಬೀಳುತ್ತೆ ನೋಡು. ಈ ಗೆರೆಯ ಜೊತೆಗೇ ಸಾಗಿದರೆ ಅದೇ ಅವಳ ದಾರಿ.

ಬಿಳಿಯರ ಮಕ್ಕಳ ಚಾರ್ಟ್‌ಗೆ ನಮ್ಮ ಮಕ್ಕಳನ್ನು ಹೋಲಿಸಿದರೆ ಹೇಗೆ ಅಂತ ಊರಲ್ಲಿ ಕೇಳೋರಿರುತ್ತಾರೆ. ಈ ಚಾರ್ಟ್ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದದ್ದು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದು ಮಾಡಿದ್ದು. ಅವರೆಲ್ಲ ಎದೆಹಾಲು ಕುಡಿದು ಬೆಳೆದವರು. ಅದಕ್ಕೂ ಹಿಂದಿನ ಚಾರ್ಟ್‌ಗಳಲ್ಲಿ ಡಬ್ಬಿ ಹಾಲಿನ ಮಕ್ಕಳು ಬಹಳ ಇದ್ದರು. ಎದೆಹಾಲಿನ ಮಗು ಮೊದಲ ಎರಡು ಮೂರು ತಿಂಗಳು ಬೇಗ ಏರಿ ಆಮೇಲೆ ನಿಧಾನ ಆಗುತ್ತೆ, ಆ ಹಳೇ ಚಾರ್ಟ್‌ನಲ್ಲಿ ಇದು ಸೊರಗಿದ ಹಾಗೆ ಕಾಣುತ್ತಿತ್ತು. ಊರಿನ ತಾಯಿ ಕಾರ್ಡ್‌ನಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿ ಇರುತ್ತಲ್ಲ, ಅದೂ ಇದೇ ಲೆಕ್ಕದ್ದು. ಅತ್ತೆಗೆ ಸೆಂಟೈಲ್ ವಿವರಿಸೋಕೆ ಹೋಗಬೇಡ. ನಿಮ್ಮ ಓಣಿಯ ಅಂಗನವಾಡಿಯಲ್ಲಿ ತೂಗಿದ್ದರೂ ಮಗು ಹಸಿರಲ್ಲೇ ಇರ್ತಿತ್ತು ಅನ್ನು, ಅದು ಸತ್ಯ.

ಈಗ ತೂಗೋ ವಿಷಯ, ಇಲ್ಲೇ ಬಹಳ ಜನ ಎಡವೋದು. ಆನ್‌ಲೈನ್‌ನಲ್ಲಿ ತಕ್ಕಡಿ ತರಿಸಿ ದಿನಾ ತೂಗಬೇಡ. ಒಮ್ಮೆ ಹೊಟ್ಟೆತುಂಬ ಕುಡಿದ ಹಾಲೇ 60ರಿಂದ 100 ಗ್ರಾಂ ತೂಗುತ್ತೆ. ಅಷ್ಟೇ ತೂಕ ಒಂದು ಉಚ್ಚೆ, ಒಂದು ಕಕ್ಕದಲ್ಲಿ ಹೋಗುತ್ತೆ. ದಿನಕ್ಕೆ 30 ಗ್ರಾಂ ಏರಿಕೆಯನ್ನು ಅಂಥ ಏರಿಳಿತದೊಳಗೆ ಹುಡುಕೋಕಾಗಲ್ಲ. ಎರಡು ವಾರ ಕಳೆದ ಮೇಲೆ ಆರು ತಿಂಗಳವರೆಗೆ ತಿಂಗಳಿಗೆ ಒಮ್ಮೆಗಿಂತ ಹೆಚ್ಚು ತೂಗಬಾರದು ಅನ್ನೋದು ಇಲ್ಲಿನ ಪದ್ಧತಿ, ತೊಂದರೆ ಇದ್ದರೆ ಮಾತ್ರ ಬೇಗ ಕರೆಯುತ್ತಾರೆ. ತೂಗುವಾಗ ನ್ಯಾಪಿಯನ್ನೂ ಬಿಚ್ಚಬೇಕು, ಬಟ್ಟೆ, ಕುಲಾವಿ, ಬೆಳ್ಳಿ ಉಡಿದಾರ, ಕಾಲ್ಗಡಗ ಯಾವುದೂ ಇರಬಾರದು. ಸಾಧ್ಯವಾದಷ್ಟು ಅದೇ ಕ್ಲಿನಿಕ್, ಅದೇ ತಕ್ಕಡಿ. ಚುಕ್ಕಿ ಇಟ್ಟ ವಾರ ಸರಿಯಿದೆಯಾ ಅಂತ ನೀನೇ ಒಮ್ಮೆ ಎಣಿಸು, ತಪ್ಪು ಗೆರೆಯಲ್ಲಿ ಚುಕ್ಕಿ ಬೀಳೋದು ಅಪರೂಪವೇನಲ್ಲ. 37 ವಾರಕ್ಕೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಬಂತೋ ಅಷ್ಟನ್ನು ವಯಸ್ಸಿನಲ್ಲಿ ಕಳೆದು ಗುರುತಿಸಬೇಕು. ನಿನಗೆ ಅದು ಅನ್ವಯಿಸಲ್ಲ, ನಿನ್ನ ಗೆಳತಿ ಕೇಳಿದ್ದಾಳೆ ಅಂದಿದ್ದಕ್ಕೆ ಹೇಳಿದೆ.

ತೂಕದ ನಡುವಿನ ದಿನಗಳಲ್ಲಿ ನೋಡಬೇಕಾದ್ದು ನ್ಯಾಪಿ. ಐದನೇ ದಿನದಿಂದ ಮುಂದೆ 24 ಗಂಟೆಯಲ್ಲಿ ಆರಾದರೂ ಚೆನ್ನಾಗಿ ನೆನೆದ ನ್ಯಾಪಿ ಇರಬೇಕು. ಈಗಿನ ನ್ಯಾಪಿ ಎಲ್ಲ ಹೀರಿಕೊಂಡು ಒಣಗಿದ ಹಾಗೇ ಕಾಣುತ್ತೆ, ಗೊತ್ತಾಗಲ್ಲ. ಒಂದು ಹೊಸ ನ್ಯಾಪಿಗೆ ಮೂರು ಟೇಬಲ್ ಚಮಚ ನೀರು ಹಾಕಿ ಕೈಯಲ್ಲಿ ಹಿಡಿದು ನೋಡು, ನೆನೆದ ನ್ಯಾಪಿ ಅಂದರೆ ಆ ಭಾರ. ಮೊದಲ ವಾರಗಳಲ್ಲಿ ದಿನಕ್ಕೆ ಕನಿಷ್ಠ ಎರಡು ಸಲ ಹಳದಿ ಕಕ್ಕ ಬರಬೇಕು. ಆರು ವಾರದ ಮೇಲೆ ಕೆಲವು ಎದೆಹಾಲಿನ ಮಕ್ಕಳು ಮೂರು ನಾಲ್ಕು ದಿನಕ್ಕೊಮ್ಮೆ ಹೋಗೋದೂ ಉಂಟು. ಮೆತ್ತಗಿದ್ದು, ತೂಕ ಏರುತ್ತಿದ್ದರೆ ಅದು ಮಲಬದ್ಧತೆ ಅಲ್ಲ.

ಇನ್ನೊಂದು ಗಂಟಲ ಸದ್ದು. ಮೊದಲು ಚುಟುಚುಟು ಚೀಪಿ ಹಾಲು ಇಳಿಸಿಕೊಳ್ಳುತ್ತೆ, ಆಮೇಲೆ ಒಂದೆರಡು ಚೀಪಿಗೆ ಒಂದು ಗುಟುಕು ಅನ್ನೋ ಲಯಕ್ಕೆ ಬರಬೇಕು. ಗುಟುಕೇ ಇಲ್ಲದೆ ಮುಕ್ಕಾಲು ಗಂಟೆ ಬಾಯಲ್ಲಿಟ್ಟುಕೊಂಡಿದ್ದರೆ ಅದು ಕುಡಿದ ಲೆಕ್ಕವಲ್ಲ. ಕಾರಣ ಹೆಚ್ಚಾಗಿ ಬಾಯಿ ಹಿಡಿತ. ಮಗುವಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಿರಲಿ, ಮೂಗು ತೊಟ್ಟಿನ ನೇರಕ್ಕೆ ಇರಲಿ, ಆಕಳಿಸಿದ ಹಾಗೆ ಬಾಯಿ ಅಗಲ ತೆರೆದಾಗ ಮಗುವನ್ನೇ ಹತ್ತಿರ ಎಳಕೋ. ಬಗ್ಗಿ ಮೊಲೆಯನ್ನು ಬಾಯಿಗೆ ತುರುಕಬೇಡ. ಗದ್ದ ಮೊಲೆಗೆ ಒತ್ತಿರಬೇಕು, ಮೂಗು ಬಿಡುವಾಗಿರಬೇಕು, ತೊಟ್ಟಿನ ಸುತ್ತಲ ಕಪ್ಪು ಕೆಳತುಟಿಗಿಂತ ಮೇಲ್ದುಟಿಯ ಕಡೆ ಹೆಚ್ಚು ಕಾಣಬೇಕು. ಬಿಟ್ಟಾಗ ತೊಟ್ಟು ಹೊಸ ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಬಂದರೆ, ಅಥವಾ ಪ್ರತಿಸಲ ನೋಯುತ್ತಿದ್ದರೆ ಹಿಡಿತ ತಪ್ಪಿದೆ ಅಂತ. ಹಿಡಿತ ಸರಿಪಡಿಸಿದರೂ ಆಗದಿದ್ದರೆ ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿದೆಯಾ ನೋಡಲು ಹೇಳು. ನೋಡುವವರು ನಾಲಿಗೆ ಎತ್ತಿ, ಬೆರಳಿಟ್ಟು ಪರೀಕ್ಷಿಸಬೇಕು, ಇಣುಕಿ ನೋಡಿದರೆ ಸಾಲದು.

ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ರಾತ್ರಿಯದ್ದೂ ಸೇರಿ. ಮೂರು ಗಂಟೆ ಆಗಿಲ್ಲ ಅಂತ ಗಡಿಯಾರ ನೋಡಿ ಅಳಿಸೋದು, ಹತ್ತು ನಿಮಿಷಕ್ಕೆ ಬಿಡಿಸಿ ಆ ಕಡೆಗೆ ಹಾಕೋದು, ಎರಡರಿಂದಲೂ ನಷ್ಟವೇ. ಒಂದು ಕಡೆ ತಾನಾಗಿ ಬಿಟ್ಟ ಮೇಲೆ ಇನ್ನೊಂದು ಕಡೆ. ಮಂಪರಿಗೆ ಜಾರಿದರೆ ಮೊಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತು, ಗುಟುಕು ಮತ್ತೆ ಶುರುವಾಗುತ್ತೆ. ಮನೆಯೊಳಗೆ ಕುಲಾವಿ, ಎರಡು ಸ್ವೆಟರ್, ಮೇಲೊಂದು ಕೌದಿ ಸುತ್ತಿದ ಮಗು ಕುಡಿಯೋಕೆ ಏಳೋದೇ ಇಲ್ಲ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಹೀಟಿಂಗ್ ಇರುತ್ತೆ. ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸರಿ, ತಲೆಗೆ ಏನೂ ಬೇಡ.

ಹಾಲು ಕಡಿಮೆಯಾಯ್ತು ಅನ್ನಿಸೋ ಸುಳ್ಳು ಗುರುತುಗಳೂ ಬಹಳ. ಆರು ವಾರಕ್ಕೆ ಮೊಲೆ ಮೆತ್ತಗಾಗುತ್ತೆ, ಸೋರೋದು ನಿಲ್ಲುತ್ತೆ. ಬತ್ತಿದ್ದಲ್ಲ, ಮಗುವಿಗೆ ಬೇಕಾದಷ್ಟಕ್ಕೆ ಹೊಂದಿಕೊಂಡಿದೆ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಬಿಡದೆ ಚೀಪೋದು ಈ ವಯಸ್ಸಿಗೆ ಮಾಮೂಲು. ಪಂಪ್‌ನಲ್ಲಿ 30 ಮಿ.ಲೀ. ಮಾತ್ರ ಬಂತು ಅಂತ ಅಳಬೇಡ, ಪಂಪ್ ಮಗುವಿನಷ್ಟು ಚೆನ್ನಾಗಿ ಎಳೆಯೋದಿಲ್ಲ.

ಈ ಸಂಜೆ ಹೊತ್ತಿಗೇ ಡಬ್ಬಿ ಮನೆಯೊಳಗೆ ಬರೋದು. ಅತ್ತೆ 90 ಮಿ.ಲೀ. ಕೊಡ್ತಾರೆ, ಮಗು ನಾಲ್ಕು ಗಂಟೆ ಮಲಗುತ್ತೆ, ನೋಡು ಹಸಿದಿತ್ತು ಅಂತಾರೆ. ಆ ನಾಲ್ಕು ಗಂಟೆ ಮೊಲೆ ತುಂಬಿ ನಿಲ್ಲುತ್ತೆ. ತುಂಬಿ ನಿಂತರೆ ಹಾಲು ತಯಾರಾಗೋದು ನಿಧಾನವಾಗುತ್ತೆ, ಮೊಲೆಗೆ ಗೊತ್ತಿರೋ ಲೆಕ್ಕ ಅದೊಂದೇ. ಮಾರನೇ ದಿನ ನಿಜಕ್ಕೂ ಸ್ವಲ್ಪ ಕಡಿಮೆ, ಆಗ ಇನ್ನೊಂದು ಬಾಟಲಿ. ಹದಿನೈದು ದಿನದಲ್ಲಿ ಅತ್ತೆ ಮಾತು ನಿಜವಾಗಿಬಿಡುತ್ತೆ.

ಹಾಗಂತ ಡಬ್ಬಿ ಹಾಲು ವಿಷವಲ್ಲ. ತೂಕ ನಿಜವಾಗಿಯೂ ಏರದಿದ್ದಾಗ ಮೊಲೆಹಾಲಿನ ಹಟ ಹಿಡಿದು ಮಗುವನ್ನು ಹಸಿವಿನಲ್ಲಿ ಇಡೋದು ಅದಕ್ಕಿಂತ ದೊಡ್ಡ ತಪ್ಪು. ಆಗ ಮಾಡೋದು ಹೀಗೆ: ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಎರಡೂ ಕಡೆ, ಒತ್ತಿ ಒತ್ತಿ ಕುಡಿಸು. ಆಮೇಲೆ ಹತ್ತು ಹದಿನೈದು ನಿಮಿಷ ಪಂಪ್ ಮಾಡಿ ಬಂದದ್ದನ್ನು ಮಗುವಿಗೇ ಕೊಡು. ಅದೂ ಸಾಲದಿದ್ದರೆ ಮಾತ್ರ ಹೆಲ್ತ್ ವಿಸಿಟರ್ ಅಥವಾ ಜಿಪಿ (ಇಲ್ಲಿನ ಮನೆ ಡಾಕ್ಟರ್) ಹೇಳಿದ ಅಳತೆಯ ಡಬ್ಬಿ ಹಾಲು. ಪ್ರತಿ ಬಾಟಲಿಗೂ ಒಂದು ಸಲ ಪಂಪ್ ತಪ್ಪಬಾರದು. ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆಯೇ ಹಾಕು, ಹೆಚ್ಚಿನವುಗಳಲ್ಲಿ 30 ಮಿ.ಲೀ. ನೀರಿಗೆ ಸಮತಟ್ಟಾದ ಒಂದು ಚಮಚ. ನೀರು ಮೊದಲು, ಪುಡಿ ಆಮೇಲೆ, ನೀರು ಕನಿಷ್ಠ 70 ಡಿಗ್ರಿ ಬಿಸಿ ಇರಬೇಕು, ಯಾಕಂದರೆ ಪುಡಿಯೊಳಗೇ ಸೂಕ್ಷ್ಮಾಣು ಇರಬಹುದು. ಆರಿಸಿ ಕುಡಿಸು. ಮಗು ಗಟ್ಟಿಯಾಗಲಿ ಅಂತ ಒಂದು ಚಮಚ ಹೆಚ್ಚು ಹಾಕಿದರೆ ಮಲ ಕಟ್ಟುತ್ತೆ, ನೀರಿನಂಶ ಕಮ್ಮಿಯಾಗುತ್ತೆ. ಡಬ್ಬಿ ದುಬಾರಿ ಅಂತ ತೆಳ್ಳಗೆ ಮಾಡಿದರೆ ಮಗು ಸೊರಗುತ್ತೆ. ತಾಯಿಯ ಕಡೆಯ ಕಾರಣಗಳನ್ನೂ ಜಿಪಿಗೆ ಹೇಳು: ಹೆರಿಗೆಯಲ್ಲಿ ಬಹಳ ರಕ್ತ ಹೋಗಿದ್ದರೆ, ಥೈರಾಯ್ಡ್ ಇದ್ದರೆ, ಮೊಲೆಯ ಆಪರೇಷನ್ ಆಗಿದ್ದರೆ, ಕಸದ (ಮಾಸಿನ) ಚೂರು ಒಳಗೆ ಉಳಿದ ಅನುಮಾನವಿದ್ದರೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದರೆ.

ಕಾಯದೇ ಫೋನ್ ಮಾಡಬೇಕಾದ ಸಂದರ್ಭಗಳೂ ಇವೆ. ಹನ್ನೆರಡು ಗಂಟೆ ನ್ಯಾಪಿ ಒಣಗಿದ್ದರೆ, ನೆತ್ತಿ ಕುಳಿ ಬಿದ್ದರೆ, ಕುಡಿಯೋಕೂ ಏಳದಷ್ಟು ಮಂಕಾದರೆ, ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಮುಟ್ಟಿದರೆ 111, ಇಲ್ಲಿನ ಆರೋಗ್ಯ ಸಹಾಯವಾಣಿ. ಹಸಿರು ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಿಗೆ ಒದ್ದಾಡಿದರೆ 999, ಆಂಬ್ಯುಲೆನ್ಸ್ ಕರೆಸೋ ತುರ್ತು ನಂಬರ್. ಅರಿಶಿನ ಕಾಮಾಲೆ ಎರಡು ವಾರ ದಾಟಿಯೂ ಉಳಿದಿದ್ದರೆ ಅಥವಾ ಕಕ್ಕ ಸುಣ್ಣದ ಹಾಗೆ ಬಿಳಿಚಿದ್ದರೆ ಅವತ್ತೇ ತೋರಿಸಬೇಕು. ಹಿಡಿತ, ನೋವು, ಪಂಪ್ ಬಗ್ಗೆ ಕೇಳೋಕೆ ರಾಷ್ಟ್ರೀಯ ಸ್ತನ್ಯಪಾನ ಸಹಾಯವಾಣಿ ಇದೆ, 0300 100 0212. ಇಂಗ್ಲಿಷ್ ತಡವರಿಸುತ್ತೆ ಅಂತ ಸಂಕೋಚಪಟ್ಟು ಎಲ್ಲ ಸರಿಯಿದೆ ಅಂದುಬಿಡೋದು ನಮ್ಮ ಹೆಣ್ಣುಮಕ್ಕಳ ದೊಡ್ಡ ತೊಂದರೆ. ಹೆಲ್ತ್ ವಿಸಿಟರ್ ಹತ್ತಿರ ಕೂಡ ದುಭಾಷಿ ಬೇಕು ಅಂತ ಕೇಳಬಹುದು.

ಅತ್ತೆ ಬರುವ ಮುಂಚೆ ಈ ಮಾತು ಆಗಿಬಿಡಲಿ, ಬಂದ ಮೇಲೆ ಹೇಳಿದರೆ ಜಗಳ. ಆರು ತಿಂಗಳು ನೀರೂ ಬೇಡ. ದಾವಣಗೆರೆಯ ಏಪ್ರಿಲ್ ಬಿಸಿಲಿಗೇ ಬೇಡ, ಲೀಡ್ಸ್‌ಗೆ ಎಲ್ಲಿಂದ ಬೇಕು. ನೀರು, ಗ್ರೈಪ್ ವಾಟರ್ ಹೊಟ್ಟೆ ತುಂಬಿಸುತ್ತೆ, ತೂಕ ಕೊಡಲ್ಲ. ಜೇನುತುಪ್ಪ ನಾಲಿಗೆಗೆ ಸವರುವಷ್ಟೂ ವರ್ಷ ತುಂಬೋತನಕ ಬೇಡ, ಅದರಲ್ಲಿರಬಹುದಾದ ಬೀಜಾಣು ಎಳೆಗರುಳಿನಲ್ಲಿ ಮೊಳೆತು ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ತರಬಹುದು. ಬಜೆ ತೇಯ್ದು ನೆಕ್ಕಿಸೋದೂ ಬೇಡ, ಅದರಲ್ಲಿರೋ ಬೀಟಾ-ಅಸರೋನ್ ಅನ್ನೋ ಅಂಶ ವಿಷಕಾರಿ. ರಾಗಿ ಸರಿ ಆರು ತಿಂಗಳಿಗೆ, ಆಗ ಒಳಲೆ ಬಿಟ್ಟು ಚಮಚದಲ್ಲಿ. ಮಗುವಿಗೆ ದಿನಾ ಕೊಡಬೇಕಾದ್ದು ಒಂದೇ, ವಿಟಮಿನ್ ಡಿ ಹನಿ, 8.5ರಿಂದ 10 ಮೈಕ್ರೋಗ್ರಾಂ. ಊರಿನ ಬಾಟಲಿಯಲ್ಲಿ ಯೂನಿಟ್ ಲೆಕ್ಕ ಇರುತ್ತೆ, 10 ಮೈಕ್ರೋಗ್ರಾಂ ಅಂದರೆ 400 ಯೂನಿಟ್. ಒಂದು ಮಿ.ಲೀ.ಗೆ 400 ಇರೋದೂ ಸಿಗುತ್ತೆ, 800 ಇರೋದೂ ಸಿಗುತ್ತೆ, ಚೀಟಿ ಓದದೆ ಹಾಕಬೇಡ. ನೀನೂ ದಿನಾ 10 ತಗೋ.

ನಿನ್ನ ಊಟಕ್ಕೆ ಅತ್ತೆಯ ಕೈ ಬೇಕೇ ಬೇಕು. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ, ಮೆಣಸಿನ ಸಾರು ಎಲ್ಲ ಉಣ್ಣು. ಮೆಂತೆಯಿಂದಲೇ ಹಾಲು ಉಕ್ಕುತ್ತೆ ಅಂತಲ್ಲ, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಯಾರಾದರೂ ಬಡಿಸಿದರೆ ನೀನು ಕೂತು ಕುಡಿಸಬಹುದು. ಬಾಣಂತಿ ನೀರು ಕುಡಿಯಬಾರದು ಅನ್ನೋದನ್ನು ಮಾತ್ರ ಒಪ್ಪಬೇಡ, ಬಾಯಾರಿದಾಗೆಲ್ಲ ಕುಡಿ. ಸೂಟ್‌ಕೇಸ್‌ನಲ್ಲಿ ಹಳೇ ಹತ್ತಿ ಸೀರೆ, ಅಂಟು, ಖಾರದಪುಡಿ ಬರಲಿ. ದಾವಣಗೆರೆ ಬೆಣ್ಣೆ ಕಾಯಿಸಿದ ತುಪ್ಪ ಎಷ್ಟೇ ಘಮಘಮ ಅಂದರೂ ಬೇಡ ಅನ್ನು. ಭಾರತದಿಂದ ಹಾಲಿನ ಪದಾರ್ಥ ಇಲ್ಲಿಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡ್ತಾರೆ. ತುಪ್ಪ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ, ಉಂಡೆ ಇಲ್ಲೇ ಕಟ್ಟಿದರಾಯ್ತು.