ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದರೆ ಉಪಯೋಗ ಇದೆಯಾ?

ನಿಮ್ಮದು 2014ರ ಲ್ಯಾಪ್‌ಟಾಪ್, ಆನ್ ಆಗೋಕೇ ಐದು ನಿಮಿಷ ಬೇಕು, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ, ಫೈಲ್‌ಗಳನ್ನು ಚಿಪ್‌ನಲ್ಲಿ ಇಡುವ ಡ್ರೈವ್) ಹಾಕಿಸಲಾ ಅಥವಾ ಹೊಸದು ತಗೊಳ್ಳಲಾ ಅಂತ ಕೇಳಿದ್ದೀರಿ. ಬರೀ ಲೆಕ್ಕ, ಟೈಪಿಂಗ್, ಬ್ರೌಸಿಂಗ್ ಆದರೆ ಖಂಡಿತ ಎಸ್‌ಎಸ್‌ಡಿ ಹಾಕಿಸಿ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಒಂದೊಂದು ಸಣ್ಣ ಫೈಲ್‌ಗೂ ತಟ್ಟೆ ಓದುವ ಮುಳ್ಳು ಅತ್ತಿತ್ತ ಓಡಬೇಕು. ವಿಂಡೋಸ್ ಶುರುವಾಗುವಾಗ ಅಂಥ ಫೈಲ್ ಸಾವಿರಾರು! ತಡ ಆಗೋದು ಅಲ್ಲೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಮಡಿಕೇರಿಯಲ್ಲಿ ಅಮ್ಮ ಕಾಫಿ ತೋಟದ ಲೆಕ್ಕ ಬರೆಯುವ ಲ್ಯಾಪ್‌ಟಾಪ್‌ಗೆ ನಾನೇ ಹಾಕಿದೆ. ಮೊದಲು ಬಟನ್ ಒತ್ತಿ ಕಾಫಿ ಕುಡಿದು ಬರುತ್ತಿದ್ದರು. ಈಗ ಕನ್ನಡಕ ಹುಡುಕುವಷ್ಟರಲ್ಲಿ ರೆಡಿ.

ಆ ಕಾಲದ ಲ್ಯಾಪ್‌ಟಾಪ್‌ಗಳಿಗೆ ಹೆಚ್ಚಾಗಿ 2.5 ಇಂಚಿನ ಸಾಟಾ (ಹಳೇ ಹಾರ್ಡ್ ಡಿಸ್ಕ್ ಕೂರುವ ಅದೇ ಕನೆಕ್ಟರ್) ಎಸ್‌ಎಸ್‌ಡಿ ಸರಿಹೋಗುತ್ತದೆ. ಎನ್‌ವಿಎಂಇ ಅನ್ನೋ ಇನ್ನೊಂದು ಬಗೆಯ ಎಸ್‌ಎಸ್‌ಡಿ ಜಾಸ್ತಿ ವೇಗ ಅಂತ ಸುಮ್ನೆ ತರಬೇಡಿ, ಅದಕ್ಕೆ ಬೇರೆ ಸ್ಲಾಟ್ ಬೇಕು. ಮಾಡೆಲ್ ನಂಬರ್ ನೋಡಿಯೇ ಕೊಳ್ಳಿ. 4 ಜಿಬಿ ರ್‍ಯಾಮ್ ಇದ್ದರೆ 8 ಮಾಡಿಸಿ, ಬ್ರೌಸರ್‌ಗೆ ಅದು ಬೇಕೇ ಬೇಕು.

ಯುಎಸ್‌ಬಿ ಸಾಟಾ ಕೇಬಲ್‌ನಲ್ಲಿ ಎಸ್‌ಎಸ್‌ಡಿ ಸಿಕ್ಕಿಸಿ ಹಳೇ ಡಿಸ್ಕನ್ನು ಹಾಗೇ ಕ್ಲೋನ್ (ಪೂರ್ತಿ ನಕಲು) ಮಾಡಬಹುದು. ಆದರೆ ಮೊದಲು ಫೋಟೋ, ಲೆಕ್ಕ ಎಲ್ಲಾ ಬೇರೆ ಕಡೆ ಬ್ಯಾಕಪ್ ಇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ ಅಲ್ವಾ? ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇಲ್ಲದೆ ಕ್ಲೋನ್ ಶುರು ಮಾಡಲೇಬೇಡಿ.