ಪಾಯದ ಗುಂಡಿಯಲ್ಲಿ ಹಳೆಯ ಗೋಡೆ ಸಿಕ್ಕರೆ: ಪುರಾತತ್ವ ತಜ್ಞರ ಉತ್ತರ

ಪ್ರಶ್ನೆ: ಬೆಂಗಳೂರಿನ ಪೇಟೆ ಭಾಗದಲ್ಲಿ ಅಜ್ಜನ ಕಾಲದ ಮನೆ ಕೆಡವಿ ಪಾಯ ತೆಗೆಸುತ್ತಿದ್ದೇವೆ. ಆರಡಿ ಆಳದಲ್ಲಿ ಸುಣ್ಣದ ಗಾರೆಯ ಕಲ್ಲುಗೋಡೆ, ಪಕ್ಕದಲ್ಲಿ ಮಡಕೆ ಚೂರುಗಳು ಸಿಕ್ಕಿವೆ. ಇಲಾಖೆಗೆ ತಿಳಿಸಿದರೆ ನಿವೇಶನವೇ ಕೈತಪ್ಪುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಚೂರುಗಳನ್ನು ಚೀಲಕ್ಕೆ ತುಂಬಿಟ್ಟಿದ್ದೇವೆ. ಮುಂದೇನು ಮಾಡಬೇಕು?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಮತ್ತು ಪ್ರತಿ ಸಲವೂ ಆ ಚೀಲದ ಮಾತಿಗೆ ಬಂದಾಗ ನನಗೆ ಸಂಕಟವಾಗುತ್ತದೆ. ಚೂರು ಎಲ್ಲಿ, ಯಾವ ಮಣ್ಣಿನಲ್ಲಿ ಬಿದ್ದಿತ್ತು ಎಂಬುದೇ ನಮಗೆ ಬೇಕಾದ ಸಾಕ್ಷಿ. ಗೋಡೆ ಎಬ್ಬಿಸಲು ತೋಡಿದ ಕಾಲುವೆಯನ್ನು ಮುಚ್ಚಿದ ಮಣ್ಣಿನಲ್ಲಿ ಅದು ಇದ್ದರೆ ಗೋಡೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಗೋಡೆಗೆ ಒರಗಿ ಆಮೇಲೆ ಬಂದು ಕೂತ ಮಣ್ಣಿನಲ್ಲಿದ್ದರೆ ಅದರಿಂದ ಗೋಡೆ ಕಟ್ಟಿದ ಕಾಲ ತಿಳಿಯುವುದಿಲ್ಲ. ಮಂಗಳೂರು ಹೆಂಚಿನ ಒಂದು ತುಂಡು ಗೋಡೆಯ ತಳಗಲ್ಲಿನ ಅಡಿಯಲ್ಲಿ ಸಿಕ್ಕಿದರೆ, ಆ ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಆರಂಭಿಸಿದ್ದು 1865ರಲ್ಲಾದ್ದರಿಂದ, ಗೋಡೆ ಅದಕ್ಕಿಂತ ಈಚಿನದು ಎಂದು ನಿಸ್ಸಂಶಯವಾಗಿ ಹೇಳಬಹುದು. ಅದೇ ತುಂಡು ಚೀಲದಲ್ಲಿದ್ದರೆ ಏನನ್ನೂ ಹೇಳಲಾಗದು. ಗಾರೆ ಕಂಡ ಮಾತ್ರಕ್ಕೆ ಕೆಂಪೇಗೌಡರು ಊರು ಕಟ್ಟಿದ 1537ಕ್ಕೆ ಜಿಗಿಯಬೇಡಿ. ಈ ಊರಿನಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಗಾರೆಯಲ್ಲೇ ಮನೆ ಕಟ್ಟುತ್ತಿದ್ದರು.

ಈಗ ಮಾಡಬೇಕಾದದ್ದು ಇಷ್ಟು. ಗೋಡೆ ಇರುವ ಮೂಲೆಯಲ್ಲಿ ಮಾತ್ರ ಕೆಲಸ ನಿಲ್ಲಿಸಿ; ಉಳಿದ ಕಡೆ ಮುಂದುವರಿಯಲಿ, ಆದರೆ ಜೆಸಿಬಿಗೆ ಹಲ್ಲಿಲ್ಲದ ಅಗಲ ಬಕೆಟ್ ಹಾಕಿಸಿ, ಒಂದು ಸಲಕ್ಕೆ ನಾಲ್ಕು ಬೆರಳಿನಷ್ಟು ಮಣ್ಣನ್ನು ಮಾತ್ರ ಕೆರೆಸಿ, ಚಾಲಕನಿಗೆ ಕಾಣುವಂತೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ಬಣ್ಣ ಬದಲಾದ ತಕ್ಷಣ ಕೈಯೆತ್ತಲು ಹೇಳಿ. ಸುಟ್ಟ ಮಣ್ಣು, ಬೂದಿ, ದುಂಡಗಿನ ಕಪ್ಪು ಕಲೆ ಇವೆಲ್ಲ ಚಿನ್ನಕ್ಕಿಂತ ಮುಖ್ಯ. ಕಟಾವಿನ ಮುಖಕ್ಕೆ, ಅಂದರೆ ಅಗೆದ ಗುಂಡಿಯ ಬದಿಯ ಮಣ್ಣಿಗೆ, ನೀರು ಚಿಮುಕಿಸಿದರೆ ಪದರಗಳು ಎದ್ದು ಕಾಣುತ್ತವೆ. ಅಳತೆಪಟ್ಟಿ ಇಟ್ಟು, ಉತ್ತರ ದಿಕ್ಕು ಗುರುತಿಸಿ, ಆಳವನ್ನು ರಸ್ತೆಯ ಮಟ್ಟದಿಂದ ಅಳೆದು ಫೋಟೊ ತೆಗೆಯಿರಿ. ಅಕ್ಕಪಕ್ಕದ ಮನೆಗೋಡೆಗಳಿಗೆ ಅಂಟಿದ ಗುಂಡಿಯಾದ್ದರಿಂದ, ಬದಿ ಕುಸಿಯದಂತೆ ಆಧಾರ ಕಟ್ಟದೆ ಯಾರನ್ನೂ ಒಳಗಿಳಿಸಬೇಡಿ, ಮಳೆ ಬಿದ್ದ ಮರುದಿನವಂತೂ ಬೇಡವೇ ಬೇಡ. ಇದರಲ್ಲಿ ನಾನು ಯಾರೊಡನೆಯೂ ರಾಜಿಯಾಗುವುದಿಲ್ಲ. ಮನುಷ್ಯರ ಮೂಳೆ ಕಂಡರೆ ಮೊದಲು ಪೊಲೀಸರಿಗೆ ತಿಳಿಸಿ.

ನಿವೇಶನ ಕೈತಪ್ಪುತ್ತದೆ ಎಂಬುದು ಅಜ್ಞಾನದಿಂದ ಹುಟ್ಟಿದ ಭಯ. 1958ರ ಕೇಂದ್ರ ಕಾಯ್ದೆಯಡಿ ಒಂದು ತಾಣವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಬೇಕಾದರೂ ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಪಾಯದಲ್ಲಿ ಒಂದು ಮೋಟುಗೋಡೆ ಕಂಡಿತೆಂದು ಯಾರೂ ಮನೆ ಕಿತ್ತುಕೊಳ್ಳುವುದಿಲ್ಲ. ಅಪಾಯವಿರುವುದು ಮುಚ್ಚಿಡುವುದರಲ್ಲಿ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಬಚ್ಚಿಟ್ಟರೆ ಶಿಕ್ಷೆಯಿದೆ. ರಾಜ್ಯದ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಜಾಗದ ವಿಳಾಸ ಹಾಕಬೇಡಿ, ರಾತ್ರಿ ಗುದ್ದಲಿ ಹಿಡಿದು ಬರುವವರಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಂದು ನಿವೇಶನದ ಕಟಾವಿನಲ್ಲಿ ಅಂಗೈ ದಪ್ಪದ ಬೂದಿಯ ಪದರವನ್ನೂ ಅದರ ಮೇಲೆ ಕವುಚಿ ಬಿದ್ದಿದ್ದ ಅರ್ಧ ಗಡಿಗೆಯನ್ನೂ ಕಂಡೆ. ಕಂಠದ ಸುತ್ತ ಕುಂಬಾರನ ಬೆರಳಿನ ಗೆರೆಗಳು ಇನ್ನೂ ಚೂಪಾಗಿದ್ದವು. ಅಳತೆಪಟ್ಟಿ ತರಲು ಹೋಗಿ ಬರುವಷ್ಟರಲ್ಲಿ ಅದು ಟಿಪ್ಪರ್ ಏರಿತ್ತು. 2012ರಲ್ಲಿ ಕೆ.ಆರ್. ಮಾರುಕಟ್ಟೆ ಬಳಿ ಮೆಟ್ರೊ ಅಗೆತದಲ್ಲಿ ಸಿಕ್ಕ ಕಬ್ಬಿಣದ ಫಿರಂಗಿಗಳು ಗಾತ್ರದಿಂದಲೇ ಗಮನ ಸೆಳೆದು ಉಳಿದವು, ಬೂದಿಗೆ ಅಂಥ ಗಾತ್ರವಿಲ್ಲ. ಪೇಟೆಯಲ್ಲೂ ಬೇಗೂರು, ಹೆಬ್ಬಾಳ, ದೊಮ್ಮಲೂರಿನಂಥ ಹಳೆಯ ಊರುಗಳ ನಡುವೆಯೂ ಆಳದ ಪಾಯ ತೆಗೆಯುವಾಗ ಬಲ್ಲವರೊಬ್ಬರು ನಿಂತು ನೋಡಬೇಕೆಂಬ ನಿಯಮ ಇರಲೇಬೇಕೆಂದು ನಾನು ನಂಬುತ್ತೇನೆ. ಅದಿಲ್ಲದಿರುವವರೆಗೆ ಆ ಕೆಲಸ ಮಾಲೀಕರದು, ಅಂದರೆ ನಿಮ್ಮದು.

ಪ್ರಶ್ನೆ: ಗುಂಡಿಯಲ್ಲಿ ಹಾವು ಕಂಡಿತು. ನಿಧಿಯಿದೆ, ಪೂಜೆ ಮಾಡಿ ತೆಗೆದುಕೊಡುತ್ತೇವೆ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ಹಾವು ಬಂದಿರುವುದು ಇಲಿಗಾಗಿ, ಪೂಜೆಯವರು ಬಂದಿರುವುದು ನಿಮ್ಮ ದುಡ್ಡಿಗಾಗಿ. ನಿಧಿಯಾಸೆಯಿಂದ ಅಗೆದು ಹಾಳುಮಾಡಿದ ಗುಡಿಗಳನ್ನೂ ವೀರಗಲ್ಲುಗಳನ್ನೂ ನಾನು ಸಾಕಷ್ಟು ನೋಡಿದ್ದೇನೆ, ಆದ್ದರಿಂದ ಅಂಥವರನ್ನು ಪೊಲೀಸರಿಗೆ ಒಪ್ಪಿಸಿ ಎಂದೇ ಹೇಳುತ್ತೇನೆ.

ಪ್ರಶ್ನೆ: ಸಿಕ್ಕ ತಾಮ್ರದ ನಾಣ್ಯವನ್ನು ಹುಣಸೆಹಣ್ಣಿನಿಂದ ತೊಳೆಯಬಹುದೇ?

ಉತ್ತರ: ಬೇಡ.

ಪ್ರಶ್ನೆ: ನಮ್ಮ ನಿವೇಶನ ಟಿಪ್ಪು ಬೇಸಿಗೆ ಅರಮನೆಯಿಂದ ಸುಮಾರು 150 ಮೀಟರ್ ದೂರದಲ್ಲಿದೆ. ಅನುಮತಿ ಬೇಕೇ?

ಉತ್ತರ: ಬೇಕು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆಯನ್ನು ನೀವೇ ಊಹಿಸದೆ ಅಧಿಕೃತವಾಗಿ ಮಾಡಿಸಿಕೊಳ್ಳಿ.

ಪ್ರಶ್ನೆ: ಅಗೆಯುವಾಗ ಅಕ್ಷರವಿರುವ ಕಲ್ಲು ಸಿಕ್ಕಿದೆ. ಓದಲು ಬಣ್ಣ ತುಂಬಬಹುದೇ? ವೀರಗಲ್ಲು ಮನೆಯ ಬಳಿ ಇದ್ದರೆ ಕೆಡುಕಂತೆ, ನಿಜವೇ?

ಉತ್ತರ: ಬಣ್ಣ, ಎಣ್ಣೆ, ತಂತಿ ಬ್ರಷ್ ಯಾವುದೂ ಬೇಡ, ಒಣಗಿದ ಮಣ್ಣನ್ನು ಮೆತ್ತಗಿನ ಬ್ರಷ್‌ನಿಂದ ಒರೆಸಿ, ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಅಕ್ಷರಗಳು ಸಾಕಷ್ಟು ಸ್ಪಷ್ಟವಾಗಿ ಮೂಡುತ್ತವೆ. ಕೆಡುಕಿನ ಮಾತು ಶುದ್ಧ ಸುಳ್ಳು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲು ಹೆಬ್ಬಾಳದಲ್ಲಿ ಬೆಳಕಿಗೆ ಬಂದದ್ದು 2018ರಲ್ಲಿ. ಊರಿಗಾಗಿ ಸತ್ತವನ ಹೆಸರನ್ನು ಅಷ್ಟು ಕಾಲ ಹೊತ್ತು ನಿಂತ ಇಂಥ ಕಲ್ಲನ್ನು ಮೋರಿಯ ಚಪ್ಪಡಿ ಮಾಡುವ ಮೊದಲು ನಮಗೊಂದು ಫೋಟೊ ಕಳಿಸಿ.